ಇದ್ದಿಲಿನೊಳಗಿನ ಹಳದಿ

"ಮೋಸ ಅನ್ನೋದು ದೊಡ್ಡ ಮಾತು. ನಾನು ಆ ಮಾತಾಡಲ್ಲ," ಎಂದ ಉಪನಿರ್ದೇಶಕ ಇಸ್ತ್ರಿ, ಅಂಗಿಯ ತೋಳನ್ನು ನಾಜೂಕಾಗಿ ಎಳೆದುಕೊಳ್ಳುತ್ತ. "ಉತ್ಸಾಹ ಅನ್ನೋಣ. ನಮ್ಮ ವಿಜ್ಞಾನಿ ಮೇಡಂಗೆ ಉತ್ಸಾಹ ಸ್ವಲ್ಪ ಜಾಸ್ತಿ ಆಯ್ತು."

ನಾನು ನಕ್ಕುಬಿಟ್ಟೆ. ಕೋಪ ಬಂದಾಗ ನಗು ಬರುವುದು ನನ್ನ ಹುಟ್ಟುಗುಣ.

"ಯಾರದು ನಗು?" ಎಂದರು ನಿರ್ದೇಶಕಿ.

"ನಂದೇ, ಮೇಡಂ."

"ನಿಂತ್ಕೊಂಡು ನಗಿ."

ನಿಂತೆ. ಈ ಸಂಶೋಧನಾಲಯದ ನಿರ್ದೇಶಕಿಗೆ ಹೆಡ್‌ಮಿಸ್ಟ್ರೆಸ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಅವರೆದುರು ಹೀಗೆ ನಿಂತವರಲ್ಲಿ ಮಂತ್ರಿಗಳೂ ಇದ್ದಾರಂತೆ. ಉಪನಿರ್ದೇಶಕನಿಗೆ ಇಸ್ತ್ರಿ ಎಂಬ ಹೆಸರೂ ಹಾಗೆಯೇ ಬಂದದ್ದು. ಆತನ ಅಂಗಿಯ ಗೆರೆಗೆ ಟೊಮೇಟೊ ತಾಗಿದರೆ ಎರಡು ಹೋಳಾಗುತ್ತದೆ ಎಂದು ಇಲ್ಲಿಯ ಜವಾನನಿಂದ ಹಿಡಿದು ವಿಜ್ಞಾನಿಗಳವರೆಗೆ ಎಲ್ಲರೂ ಹೇಳುತ್ತಾರೆ.

ಮೇಜಿನ ಆ ತುದಿಯಲ್ಲಿ ನನ್ನ ಅಕ್ಕ ಕೂತಿದ್ದಳು. ಕಡಲ ತಳದ ಸ್ಪಂಜಿನಿಂದ ಹಠಮಾರಿ ಹುಣ್ಣುಗಳನ್ನು ಮಾಯಿಸುವ ಔಷಧ ತೆಗೆದವಳು, ಮರುಪರೀಕ್ಷೆಯಲ್ಲಿ ಅದೇ ಸ್ಪಂಜಿನಿಂದ ಏನೇನೂ ಸಿಗದೆ ಸುಳ್ಳುಗಾತಿ ಎನ್ನಿಸಿಕೊಂಡವಳು. ಈ ಸಭೆ ಮುಗಿಯುವಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ತೀರ್ಮಾನ ಹೇಳಬೇಕು. ಅದು ಅಕ್ಕನ ವಿರುದ್ಧ ಬಂದರೆ ಔಷಧದ ಪ್ರಯೋಗ ನಿಲ್ಲುತ್ತದೆ, ಅಕ್ಕ ಇನ್ನು ಯಾವ ಪ್ರಯೋಗಾಲಯದ ಮೆಟ್ಟಿಲನ್ನೂ ಹತ್ತುವಂತಿಲ್ಲ.

ಆದರೂ ಅವಳು ಕೂತಿದ್ದ ಠೀವಿ ನೋಡಬೇಕಿತ್ತು. ಬೆನ್ನು ನೆಟ್ಟಗೆ, ಗಲ್ಲ ಮೇಲಕ್ಕೆ. ಯಾರೋ ಸನ್ಮಾನಕ್ಕೆ ಕರೆದು ಹಾರ ತರುವುದು ತಡಮಾಡಿದ್ದಾರೆ ಎನ್ನುವ ಹಾಗೆ. ನನ್ನ ಅಕ್ಕ ಎನ್ನುವುದಕ್ಕೆ ನನಗೆ ಜಂಬವಿದೆ, ಇವತ್ತಂತೂ ಆ ಜಂಬವನ್ನು ಮುಚ್ಚಿಡುವ ಮನಸ್ಸೇ ಇರಲಿಲ್ಲ.

"ನಗೋದಕ್ಕೆ ಕಾರಣ ಏನು ಹೇಳಿ," ಎಂದರು ಹೆಡ್‌ಮಿಸ್ಟ್ರೆಸ್.

"ಇಪ್ಪತ್ತು ವರ್ಷ ವಿಮೆ ಕಂಪನಿಗೆ ಕಳ್ಳರನ್ನ ಹಿಡಿದುಕೊಟ್ಟಿದ್ದೀನಿ ಮೇಡಂ. ಈಗ ಸ್ವಂತ ಪತ್ತೇದಾರಿ ಆಫೀಸು. ತಾವೇ ಬೆಂಕಿ ಇಟ್ಟು 'ಅಯ್ಯೋ ಸುಟ್ಟುಹೋಯ್ತು' ಅಂತ ಬಾಯಿ ಬಡ್ಕೊಂಡವರನ್ನ ಎಷ್ಟೋ ಜನರನ್ನ ನೋಡಿದ್ದೀನಿ. ಇಷ್ಟು ಮೆತ್ತಗೆ ಬಾಯಿ ಬಡ್ಕೊಂಡವರನ್ನ ಇವತ್ತೇ ನೋಡಿದ್ದು."

ಇಸ್ತ್ರಿಯ ಹುಬ್ಬು ಮೇಲೇರಿತು. ಅಂಗಿ ಮಾತ್ರ ಅಲುಗಲಿಲ್ಲ.

"ಸಾಕು ಕಣೇ, ಕೂತ್ಕೋ," ಎಂದಳು ಅಕ್ಕ ಮೆಲ್ಲಗೆ.

ಕೂರಲಿಲ್ಲ. ಚಿಕ್ಕಂದಿನಿಂದಲೂ ಅವಳು ಕೂತ್ಕೋ ಎಂದಾಗಲೇ ನನಗೆ ನಿಲ್ಲುವ ಹುಮ್ಮಸ್ಸು ಬರುವುದು. ಅವಳಿಗೆ ಅವಮಾನವಾಗುತ್ತಿದೆ, ತಂಗಿಯಿಂದ ಕಾಪಾಡಿಸಿಕೊಳ್ಳುವುದು ಅವಳ ಜಾಯಮಾನಕ್ಕೆ ಒಗ್ಗುವುದಿಲ್ಲ, ಅದಕ್ಕೇ ಬೇಡ ಅನ್ನುತ್ತಿದ್ದಾಳೆ ಎಂದುಕೊಂಡೆ.

"ನನಗೆ ಎರಡು ವಸ್ತು ಬೇಕು, ಮೇಡಂ. ಮರುಪರೀಕ್ಷೆ ಆದ ಮೇಲೆ ಉಳಿದ ಸ್ಪಂಜಿನ ಪೆಟ್ಟಿಗೆ, ಶೀತಲ ಕೋಣೆಯಿಂದ. ಆಮೇಲೆ ನಮ್ಮ ಭಾವ, ಕೆಳಗಿನ ತೊಟ್ಟಿ ಕೋಣೆಯಿಂದ."

"ಭಾವ ವಸ್ತುವಾ?" ಎಂದರು ಹೆಡ್‌ಮಿಸ್ಟ್ರೆಸ್.

"ಅಕ್ಕ ಅವರನ್ನ ಹಾಗೇ ನೋಡ್ಕೊಂಡಿರೋದು. ಒರೆಸಿ ಒರೆಸಿ ಇಟ್ಟಿದ್ದಾಳೆ."

ಹೆಡ್‌ಮಿಸ್ಟ್ರೆಸ್ ಬಾಯಿಯ ಒಂದು ಮೂಲೆ ಸಡಿಲವಾಯಿತು. ಗಂಟೆ ಒತ್ತಿದರು.

ಕಿಟಕಿಯಾಚೆ ಅಲೆ ತಡೆಗೋಡೆಗೆ ಅಪ್ಪಳಿಸುತ್ತಿತ್ತು. ಕಡಲು ಕೆರಳಿ ಕೂತು ಬಹಳ ದಿನವಾಗಿತ್ತು. ದೋಣಿಗಳೆಲ್ಲ ಹಗ್ಗ ಕಟ್ಟಿಸಿಕೊಂಡು ದಡದಲ್ಲೇ ತೂಗುತ್ತಿದ್ದವು. ಹೊಸ ಸ್ಪಂಜು ತಂದು ಇನ್ನೊಮ್ಮೆ ಪರೀಕ್ಷೆ ಮಾಡಿ ಎಂದು ಕೇಳುವ ದಾರಿಯೂ ಇರಲಿಲ್ಲ. ತೆಗೆದಿದ್ದ ಔಷಧವೆಲ್ಲ ರೋಗಿಗಳ ಮೇಲೆ ಖರ್ಚಾಗಿತ್ತು.

ಆ ರೋಗಿಗಳಲ್ಲಿ ಒಬ್ಬ ಬಸ್ ಡ್ರೈವರ್. ಅವನ ಪಾದದ ಹುಣ್ಣು ಎಲುಬಿನ ತನಕ ಇಳಿದಿತ್ತು, ಕಾಲು ತೆಗೆಯಬೇಕು ಎಂದು ಡಾಕ್ಟರುಗಳು ಹೇಳಿಯಾಗಿತ್ತು. ಹೋದ ವಾರ ನಾನು ಅವನ ಬಸ್ಸಿನಲ್ಲೇ ಬಂದೆ. ಅಕ್ಕನ ತಂಗಿ ಎಂದು ಗೊತ್ತಾದದ್ದೇ ತಡ, ಬ್ರೇಕಿನ ಮೇಲಿದ್ದ ಕಾಲನ್ನು ಎತ್ತಿ ತೋರಿಸಲು ಹೋದ. ಬಸ್ಸಿನಲ್ಲಿದ್ದವರೆಲ್ಲ ಕಿರುಚಿದರು. ಆ ಕಾಲನ್ನು ಅವನ ಮೈಗೆ ಉಳಿಸಿಕೊಟ್ಟವಳು ನನ್ನಕ್ಕ. ಅಂಥವಳಿಗೆ ಉತ್ಸಾಹ ಜಾಸ್ತಿಯಾಯಿತಂತೆ!

ಪೆಟ್ಟಿಗೆ ಬಂತು. ಹಿಂದೆಯೇ ಭಾವ ಬಂದರು, ಪ್ಯಾಂಟು ಮೊಣಕಾಲಿನವರೆಗೆ ಮಡಿಸಿಕೊಂಡು, ಪಾದದ ಒದ್ದೆ ಗುರುತನ್ನು ನುಣುಪಾದ ನೆಲದ ಮೇಲೆ ಬಿಡುತ್ತ. ಇಸ್ತ್ರಿ ತನ್ನ ಬೂಟನ್ನು ಹಿಂದಕ್ಕೆ ಎಳೆದುಕೊಂಡ. ಉಪ್ಪುನೀರು ಬಟ್ಟೆಗೆ ಕಲೆ ಮಾಡುತ್ತದೆಂದು ಆತ ತೊಟ್ಟಿ ಕೋಣೆಗೆ ಕಾಲಿಟ್ಟವನೇ ಅಲ್ಲ.

ಭಾವನ ಪರಿಚಯ ಹೇಳಿಬಿಡುತ್ತೇನೆ. ಈ ಸಂಶೋಧನಾಲಯಕ್ಕೆ ಕಡಲಿನ ತಳದಿಂದ ಬರುವ ಪ್ರತಿಯೊಂದೂ ಅವರ ಕೈಯಿಂದಲೇ ಬರಬೇಕು. ಮುಳುಗುಗಾರರ ತಂಡಕ್ಕೆ ಅವರೇ ಮುಖ್ಯಸ್ಥರು. ನೀರಿನ ಮೇಲೆ ಅವರ ಬಾಯಿಂದ ಮಾತು ಹೊರಡುವುದು ಕಷ್ಟ. ನೀರಿನ ಕೆಳಗೆ ಬಹಳ ಮಾತಾಡುತ್ತಾರೆ ಎಂದು ಅಕ್ಕ ಚುಡಾಯಿಸುತ್ತಾಳೆ. ಸ್ಪಂಜುಗಳ ಜೊತೆಗೆ.

ತಟ್ಟೆಯ ಮೇಲೆ ಪೆಟ್ಟಿಗೆಯನ್ನು ಬಗ್ಗಿಸಿದೆ. ಹೆಪ್ಪುಗಟ್ಟಿದ ತುಂಡುಗಳು ಟಕಟಕ ಸದ್ದು ಮಾಡುತ್ತ ಬಿದ್ದವು. ಕಪ್ಪಗೆ, ಒರಟಾಗಿ, ಕೈಬೆರಳಿನ ಆಕಾರ. ಇಲ್ಲಿಯ ವಿಜ್ಞಾನಿಗಳೆಲ್ಲ ಇದನ್ನು ಇದ್ದಿಲು ಎಂದೇ ಕರೆಯುವುದು. ಇದ್ದಿಲು ಬಂತಾ, ಇದ್ದಿಲು ತೂಗಿದ್ರಾ, ಹೀಗೆ.

"ಭಾವ, ಇದರ ತಳ ನೋಡಿ ಹೇಳಿ."

ಭಾವ ಬಗ್ಗಿ ನೋಡಿದರು. ಮುಟ್ಟಲಿಲ್ಲ.

"ಏನಿದೆ?"

"ಚಿಪ್ಪಿನ ಚೂರು. ಕಲ್ಲು."

"ಎಲ್ಲದರಲ್ಲೂ ಇದೆಯಾ?"

"ಇದೆ."

"ಅದರ ಅರ್ಥ ಏನು, ಇವರಿಗೆಲ್ಲ ಬಿಡಿಸಿ ಹೇಳಿ."

ಭಾವ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. "ಬಂಡೆಯಿಂದ ಬುಡಸಮೇತ ಕಿತ್ತಿದ್ದಾರೆ."

"ನೀವು ಹೇಗೆ ತೆಗೀತೀರಿ?"

ಅವರ ಮುಖ ಆಗ ಬದಲಾಯಿತು. ಕಸುಬಿನ ಮಾತು ಬಂದರೆ ಅವರ ನಾಲಿಗೆಯ ಗಂಟು ಬಿಚ್ಚುತ್ತದೆ. "ತುದಿ ಮಾತ್ರ. ಬುಡ ಬಂಡೆ ಮೇಲೇ ಇರಬೇಕು. ಓರೆಯಾಗಿ ಕತ್ತರಿಸಬೇಕು, ಗಾಯದ ಮೇಲೆ ಕಸ ಕೂರಬಾರದು. ಒಂದು ಸಲ ಮುಟ್ಟಿದ್ದನ್ನ ಅದು ಪೂರ್ತಿ ಬೆಳೆಯೋ ತನಕ ಮತ್ತೆ ಮುಟ್ಟಲ್ಲ. ನಮ್ಮ ತಂಡದ ಯಾರೇ ಬುಡ ಕಿತ್ತರೂ ಅವತ್ತೇ ದೋಣಿಯಿಂದ ಇಳಿಸ್ತೀನಿ. ನಾವು ಬರೋಕೆ ಮುಂಚೆ ಅಲ್ಲಿ ಎಷ್ಟಿತ್ತೋ ಇವತ್ತೂ ಅಷ್ಟೇ ಇದೆ. ಲೋಕದಲ್ಲಿ ಎಷ್ಟು ಜನ ಈ ಮಾತು ಹೇಳಬಹುದು?"

ಇಷ್ಟು ಉದ್ದದ ಮಾತನ್ನು ಅವರ ಬಾಯಲ್ಲಿ ನಾನು ಅವರ ಮದುವೆಯಲ್ಲೂ ಕೇಳಿರಲಿಲ್ಲ. ಅಕ್ಕ ಅವರನ್ನೇ ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿ ಇದ್ದ ಹೆಮ್ಮೆಗೆ ಹೆಸರು ಕೊಡಬೇಕಾಗಿಲ್ಲ. ಹೆಂಡತಿಯಾದವಳು ತನ್ನ ಗಂಡನ ಕೆಲಸವನ್ನು ನಾಲ್ಕು ಜನರ ಮುಂದೆ ಹೀಗೆ ನೋಡುವುದನ್ನು ಕಂಡು ನಾನು ದನಿ ಏರಿಸಿದೆ.

"ಅಂದ್ರೆ ಇದು ನಿಮ್ಮ ಕೈಯದ್ದಲ್ಲ?"

"ನನ್ನ ಕೈ ಬುಡ ಕೀಳಲ್ಲ," ಎಂದರು ಭಾವ.

"ಒಂದು ನಿಮಿಷ," ಎಂದ ಇಸ್ತ್ರಿ. "ಗಂಡ ಹೆಂಡತಿ ಪರ ಸಾಕ್ಷಿ ಹೇಳ್ತಿದ್ದಾರೆ, ತಂಗಿ ವಕಾಲತ್ತು ಮಾಡ್ತಿದ್ದಾರೆ. ನಾವು ಮನೆ ಜಗಲಿ ಮೇಲೆ ಕೂತಿದ್ದೀವಾ? ಅವಸರದಲ್ಲಿ ಯಾರೋ ಹುಡುಗರು ಬುಡ ಕಿತ್ತಿರಬಹುದು. ಸ್ಪಂಜು ಅದೇ ತಾನೆ?"

"ಅದೇ ಅಲ್ಲ," ಎಂದೆ.

ಹೇಳುವಾಗ ನನ್ನ ಎದೆ ಅರ್ಧ ಇಂಚು ಮುಂದೆ ಬಂದಿತ್ತು, ಸುಳ್ಳೇಕೆ? ಬೆಳಗಿನಿಂದ ಈ ಒಂದು ಮಾತನ್ನು ಬಾಯೊಳಗೆ ಮಿಠಾಯಿಯ ಹಾಗೆ ಇಟ್ಟುಕೊಂಡಿದ್ದೆ. ಅಕ್ಕನಿಗೂ ಹೇಳಿರಲಿಲ್ಲ. ಅವಳ ಮುಖ ಅರಳುವುದನ್ನು ಇಲ್ಲಿ, ಎಲ್ಲರೆದುರೇ ನೋಡಬೇಕೆಂಬ ಆಸೆ.

"ಭಾವ, ಮೂಲೆ ತೊಟ್ಟಿಯಲ್ಲಿರೋ ಆ ಸಣ್ಣದನ್ನ ತರ್ತೀರಾ?"

ಭಾವ ಬೆಚ್ಚಿದರು. "ಯಾವುದನ್ನ?"

"ಕಪ್ಪು ಬಟ್ಟೆ ಮುಚ್ಚಿ ಬೆಳೆಸ್ತಿದ್ದೀರಲ್ಲ, ಅದನ್ನ."

"ಅದು ಇನ್ನೂ ಮಗು."

"ಮಗುವಿನ ಉಗುರು ಕತ್ತರಿಸೋಣ, ಅಷ್ಟೇ."

ಅವರು ಅಕ್ಕನ ಕಡೆ ನೋಡಿದರು. ಅಕ್ಕ ಕಿಟಕಿಯ ಕಡೆ ನೋಡಿದಳು. ಕೊನೆಗೆ ಹೆಡ್‌ಮಿಸ್ಟ್ರೆಸ್ "ತನ್ನಿ" ಎಂದ ಮೇಲೆ ಭಾವ ಹೋಗಿ ಒಂದು ಗಾಜಿನ ಪಾತ್ರೆಯನ್ನು ಎದೆಗೆ ಅವುಚಿಕೊಂಡು ತಂದರು.

ಪಾತ್ರೆಯ ಕಡಲನೀರಿನೊಳಗೆ ಹೆಬ್ಬೆರಳಿನಷ್ಟು ದೊಡ್ಡ ಸ್ಪಂಜು ಕಲ್ಲಿಗೆ ಅಂಟಿಕೊಂಡು ಕೂತಿತ್ತು. ಹಳದಿ ಅಂದರೆ ಹಳದಿ. ಹಣ್ಣಾದ ನಿಂಬೆಯ ಹಳದಿ. ಬೂದು ಬಣ್ಣದ ಆ ಕೋಣೆಯಲ್ಲಿ ಯಾರೋ ದೀಪ ಹಚ್ಚಿದ ಹಾಗಾಯಿತು.

"ಇದೇನು ಹೊಸದು?" ಎಂದರು ಹೆಡ್‌ಮಿಸ್ಟ್ರೆಸ್. ಔಷಧವನ್ನು ರೋಗಿಗಳಿಗೆ ಕೊಡುವ ವೈದ್ಯೆ ಅವರು, ಸ್ಪಂಜನ್ನು ಕಂಡದ್ದು ಪೆಟ್ಟಿಗೆಯಲ್ಲಿ ಮಾತ್ರ.

"ಇದೇ ಮೇಡಂ ಇದ್ದಿಲು."

ಎಲ್ಲರ ತಲೆಯೂ ಪಾತ್ರೆಯ ಕಡೆ ತಿರುಗಿತು. ನನಗೆ ಬಹಳ ಇಷ್ಟವಾದ ನೋಟ ಅದು.

ಇದು ನನಗೆ ಗೊತ್ತಾದದ್ದು ಬುದ್ಧಿಯಿಂದ ಅಲ್ಲ, ಕಿತಾಪತಿಯಿಂದ. ಬೆಳಿಗ್ಗೆ ಭಾವನನ್ನು ಹುಡುಕಿಕೊಂಡು ತೊಟ್ಟಿ ಕೋಣೆಗೆ ಹೋಗಿದ್ದೆ. ಅವರು ಪಂಪಿನ ಹಿಂದೆ ಎಲ್ಲೋ ಇದ್ದರು. ಮೂಲೆಯ ತೊಟ್ಟಿಯ ಮೇಲೆ ಕೈ ಹಾಕಬಾರದು ಎಂದು ಬರೆದಿತ್ತು. ಹಾಕಿದೆ. ತುದಿ ಮುರಿದು ಕೈಗೇ ಬಂತು. ಗಾಬರಿಯಲ್ಲಿ ಕರವಸ್ತ್ರದೊಳಗೆ ಮುಚ್ಚಿಟ್ಟುಕೊಂಡೆ. ಆಚೆ ಬಂದು ಬಿಚ್ಚಿ ನೋಡಿದರೆ ಹಳದಿ ಹೋಗಿ ಕಪ್ಪಾಗಿ ಕೂತಿದೆ! ಉಗುರಿನಿಂದ ಸೀಳಿದೆ. ಒಳಗೆ ಇನ್ನೂ ಹಳದಿ. ಕಳ್ಳತನ ಮಾಡಿದ ಕೈಯಿಂದಲೇ ಕಳ್ಳನ ಗುಟ್ಟು ಸಿಕ್ಕಿತ್ತು.

ಭಾವ ಪುಟ್ಟ ಚಾಕುವಿನಿಂದ ಒಂದು ಚಕ್ಕೆ ತೆಗೆದು ಬಿಳಿ ತಟ್ಟೆಯ ಮೇಲೆ ಇಟ್ಟರು. ನಾವೆಲ್ಲ ತಲೆಗೆ ತಲೆ ತಾಗುವಂತೆ ಬಗ್ಗಿದೆವು. ಮೊದಲು ಅಂಚು ಹಸಿರಾಯಿತು. ಆಮೇಲೆ ನೇರಳೆ. ನೋಡನೋಡುತ್ತ ಮೇಲ್ಮೈಯೆಲ್ಲ ಮಸಿ ಬಳಿದಂತಾಯಿತು.

"ನೀರಿನೊಳಗೆ ಇದು ಹಳದಿ," ಎಂದೆ. "ಗಾಳಿ ತಾಗಿದ ಕಡೆ ಕಪ್ಪು. ಭಾವ, ಕಡಲಿಂದ ತೆಗೆದ ತಕ್ಷಣ ಏನು ಮಾಡ್ತೀರಿ?"

"ಐಸಿಗೆ ಹಾಕ್ತೀವಿ."

"ಹಾಕಿದ್ರೆ?"

"ಹೊರಗೆ ಕಪ್ಪಾಗಿರತ್ತೆ."

"ಒಳಗೆ?"

ಭಾವ ಚಾಕು ಕೆಳಗಿಟ್ಟು ಪಾತ್ರೆಯನ್ನು ಮತ್ತೆ ಎತ್ತಿಕೊಂಡರು. "ಹಳದಿ."

"ಈಗ ಈ ಪೆಟ್ಟಿಗೇದನ್ನ ಕತ್ತರಿಸೋಣ. ಅಕ್ಕಾ, ಬಾ, ನೀನೇ ಕತ್ತರಿಸು. ಸ್ಪಂಜು ಕತ್ತರಿಸೋ ಚಾಕುವನ್ನ ಅವಳು ಇನ್ನೊಬ್ಬರ ಕೈಗೆ ಕೊಟ್ಟಿದ್ದೇ ಇಲ್ಲ, ಮೇಡಂ. ಮನೇಲಿ ಈರುಳ್ಳಿ ಹೆಚ್ಚೋಕೂ ಬಿಡಲ್ಲ. ನಾವು ಹೆಚ್ಚಿದ್ರೆ ದಪ್ಪ ಆಗತ್ತಂತೆ."

ಅಕ್ಕ ಏಳಲಿಲ್ಲ. "ನಾನು ಕತ್ತರಿಸಲ್ಲ."

"ಯಾಕೆ?"

"ಬೇಡ ಅಂದ್ನಲ್ಲ, ಪುಟ್ಟಿ."

ಸಭೆಯಲ್ಲಿ ಪುಟ್ಟಿ ಎಂದು ಕರೆದದ್ದಕ್ಕೆ ನನಗೆ ಸಿಟ್ಟು ಬಂತು. ಅದರ ಭರದಲ್ಲಿ ಅವಳ ದನಿ ಹೇಗಿತ್ತು ಎಂಬುದನ್ನು ಗಮನಿಸಲಿಲ್ಲ. ಹೆಡ್‌ಮಿಸ್ಟ್ರೆಸ್ ತಾವೇ ಚಾಕು ತೆಗೆದುಕೊಂಡರು. ಶಸ್ತ್ರಚಿಕಿತ್ಸೆ ಮಾಡಿದ ಕೈ. ಹೆಪ್ಪುಗಟ್ಟಿದ ತುಂಡು ನಡುವೆ ಸೀಳಿ ಎರಡಾಯಿತು.

ಒಳಗೂ ಕಪ್ಪು. ಈ ತೊಗಲಿನಿಂದ ಆ ತೊಗಲಿನವರೆಗೆ ಕಪ್ಪು.

ಇನ್ನೊಂದು. ಕಪ್ಪು. ಮತ್ತೊಂದು. ಅದೂ ಕಪ್ಪು.

"ಇದು ಬೇರೆ ಪ್ರಾಣಿ," ಎಂದರು ಹೆಡ್‌ಮಿಸ್ಟ್ರೆಸ್, ತಮಗೆ ತಾವೇ ಹೇಳಿಕೊಳ್ಳುವಂತೆ.

"ಹುಟ್ಟಾ ಕಪ್ಪು! ಇದರಲ್ಲಿ ಔಷಧ ಎಲ್ಲಿಂದ ಬರಬೇಕು? ಅಕ್ಕ ತೆಗೆದ ಔಷಧ ನಿಜ. ಅವಳು ಹೇಳಿದ ಒಂದೊಂದು ಮಾತೂ ನಿಜ. ಯಾರೋ ಪೆಟ್ಟಿಗೆ ಬದಲಾಯಿಸಿ ಅವಳ ಮುಖಕ್ಕೆ ಮಸಿ ಬಳಿಯೋಕೆ ನೋಡಿದ್ದಾರೆ."

ಚಿಕ್ಕವಳಿದ್ದಾಗ ನಾನು ಅಕ್ಕನನ್ನು ಕೇಳಿದ್ದೆ, ಸ್ಪಂಜಿನೊಳಗೆ ಔಷಧ ಯಾಕಿರುತ್ತದೆ ಎಂದಲ್ಲ, ಸ್ಪಂಜಿಗೆ ಬೇಜಾರಾಗುವುದಿಲ್ಲವೇ ಎಂದು. ಇಡೀ ಆಯುಸ್ಸು ಒಂದೇ ಕಲ್ಲಿನ ಮೇಲೆ! ಅವಳು ನಗಲಿಲ್ಲ. "ಓಡೋಕೆ ಬರಲ್ಲ, ಕಚ್ಚೋಕೆ ಬರಲ್ಲ. ಅದಕ್ಕೇ ತನ್ನನ್ನ ತಿನ್ನೋಕೆ ಬರೋರಿಗೆ ಅಂತ ಒಳಗೇ ವಿಷ ಅರೀತಾ ಕೂತಿರತ್ತೆ. ಅದರ ವಿಷ ನಮಗೆ ಮದ್ದಾಗಬಹುದು, ಕೇಳೋಕೆ ಗೊತ್ತಿದ್ರೆ," ಎಂದಿದ್ದಳು. ಆಗ ಅವಳಿಗೆ ಎರಡು ಜಡೆ. ಆವತ್ತು ಕೇಳಲು ಶುರುಮಾಡಿದವಳು ಇವತ್ತಿನವರೆಗೂ ನಿಲ್ಲಿಸಿಲ್ಲ. ಅವಳನ್ನು ಸುಳ್ಳುಗಾತಿ ಎನ್ನುವವರ ನಾಲಿಗೆಯನ್ನು ಉಪ್ಪಿನಕಾಯಿ ಹಾಕಬೇಕು.

ನಾನು ಇಸ್ತ್ರಿಯ ಕಡೆ ತಿರುಗಿದೆ.

"ಈಗ ಕಳ್ಳನ ವಿಷಯ. ಬದಲಾಯಿಸಿದವನು ಕಪ್ಪು ಸ್ಪಂಜನ್ನೇ ಹುಡುಕಿ ತರಿಸಿದ್ದಾನೆ. ಯಾಕೆ? ಅಸಲಿ ಸ್ಪಂಜು ಕಪ್ಪು ಅಂತ ಅವನು ನಂಬಿದ್ದಾನೆ. ಕಡಲಲ್ಲಿ ಅದನ್ನ ಕಂಡವನಲ್ಲ, ತೊಟ್ಟೀಲಿ ಕಂಡವನಲ್ಲ. ಕತ್ತರಿಸಿ ಒಳಗೆ ನೋಡಿದವನೂ ಅಲ್ಲ. ಪೆಟ್ಟಿಗೆ ಮೇಲಿಂದ ನೋಡಿ ಇದ್ದಿಲು ಇದ್ದಿಲು ಅಂತ ಕರೆದವನು."

"ಇಲ್ಲಿ ಎಲ್ಲರೂ ಹಾಗೇ ಕರೆಯೋದು," ಎಂದ ಇಸ್ತ್ರಿ.

"ಎಲ್ಲರ ಹತ್ರ ಶೀತಲ ಕೋಣೆಯ ಕೀಲಿ ಇಲ್ಲ. ಇರೋದು ಎರಡು. ಒಂದು ಅಕ್ಕನ ಸೊಂಟದಲ್ಲಿ. ಇನ್ನೊಂದು?"

ಇಸ್ತ್ರಿಯ ಕೈ ತಾನಾಗಿಯೇ ಜೇಬಿನ ಮೇಲೆ ಹೋಯಿತು. ಹೋದದ್ದು ಗೊತ್ತಾಗಿ ಕೆಳಗಿಳಿಯಿತು.

"ನಿಮ್ಮ ಕಡಲಪಾಚಿ ಮಾತ್ರೆಗೆ ಸಿಗಬೇಕಾಗಿದ್ದ ಮನ್ನಣೆ ಅಕ್ಕನ ಸ್ಪಂಜಿಗೆ ಸಿಕ್ತು. ಅವತ್ತಿಂದ ನಿಮ್ಮ ಹೊಟ್ಟೇಲಿ ಬೆಂಕಿ."

"ಇದು ಆರೋಪ," ಎಂದ.

"ಹೌದು ಸ್ವಾಮಿ, ಆರೋಪಾನೇ. ಉತ್ಸಾಹ ಅಂತ ಕರೀಬೇಕಿತ್ತಾ?"

ಹೆಡ್‌ಮಿಸ್ಟ್ರೆಸ್ ಈ ಬಾರಿ ನಿಜವಾಗಿಯೂ ನಕ್ಕರು. ನನಗೆ ಕೋಡು ಮೂಡಲು ಅಷ್ಟು ಸಾಕಾಯಿತು. ಅಕ್ಕ, ನೋಡೇ, ನಿನ್ನ ತಂಗಿ ಹೇಗೆ ಬಿಡಿಸಿದಳು ಎನ್ನುವ ಹಾಗೆ ಅವಳ ಕಡೆ ತಿರುಗಿದೆ.

ಅಕ್ಕನ ಮುಖ ಅರಳಿರಲಿಲ್ಲ. ಅದೇ ಠೀವಿ, ಅದೇ ಗಲ್ಲ. ಆದರೆ ಮುಖದಲ್ಲಿ ರಕ್ತವೇ ಇರಲಿಲ್ಲ.

ಇಸ್ತ್ರಿ ಎದ್ದು ನಿಂತ. ಅವನು ಕಿರುಚುತ್ತಾನೆ ಎಂದುಕೊಂಡೆ. ಕಿರುಚಲಿಲ್ಲ. ತಟ್ಟೆಯ ಹತ್ತಿರ ಬಂದ. ತನ್ನ ಇಸ್ತ್ರಿ ಅಂಗಿಯ ತೋಳನ್ನು ಮಡಿಸಿಕೊಂಡು ಆ ಕಪ್ಪು ಹೋಳನ್ನು ಬೆರಳಿನಿಂದ ಎತ್ತಿ ಬೆಳಕಿಗೆ ಹಿಡಿದ. ಕರಗಿದ ನೀರು ಅವನ ಮಣಿಕಟ್ಟಿಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

"ನನಗೆ ಇದು ಗೊತ್ತಿರಲಿಲ್ಲ," ಎಂದ. "ಹಳದಿ ಅಂತ ಗೊತ್ತಿರಲಿಲ್ಲ. ಇಷ್ಟು ವರ್ಷ ಇದರ ಪಕ್ಕದಲ್ಲೇ ಕೂತು ಕೆಲಸ ಮಾಡಿ, ಒಂದು ದಿನ ಕೆಳಗಿಳಿದು ನೋಡಲಿಲ್ಲ. ಅದಕ್ಕೆ ನೀವು ಏನು ಬೈದರೂ ಬೈಸ್ಕೋತೀನಿ. ಹೊಟ್ಟೆ ಉರಿ ಇತ್ತು, ಅದೂ ನಿಜ."

ಇದು ನಾನು ಎಣಿಸಿದ್ದ ದಾರಿಯಲ್ಲ. ಅಂಗಿಯೊಳಗೆ ಮನುಷ್ಯನಿದ್ದಾನೆ ಎಂದು ಮೊದಲ ಸಲ ಅನ್ನಿಸಿತು.

"ಆದರೆ ನೀವು ಈಗ ತೋರಿಸಿದ್ದನ್ನ ಪೂರ್ತಿ ಮಾಡೋಣ. ಕತ್ತರಿಸಿ ಒಳಗೆ ನೋಡಿದವರಿಗೆ ಇದು ನಕಲಿ ಅಂತ ತಕ್ಷಣ ಗೊತ್ತಾಗತ್ತೆ. ಹೌದಲ್ಲ?"

"ಹೌದು."

"ಕಣ್ಣಿರೋ ಯಾರಿಗಾದ್ರೂ?"

"ಯಾರಿಗಾದ್ರೂ!"

"ಮರುಪರೀಕ್ಷೆ ದಿನ ಈ ಪೆಟ್ಟಿಗೆಯಿಂದ ಸ್ಪಂಜು ತೆಗೆದು ಕತ್ತರಿಸಿದ್ದು ಯಾರು?"

ನಾನು ಅಕ್ಕನ ಕೈಗಳ ಕಡೆ ನೋಡಿದೆ.

"ನಾವು ಆ ಕಡೆ ಕೋಣೆಯಲ್ಲಿದ್ವಿ," ಎಂದ ಇಸ್ತ್ರಿ. "ನಮಗೆ ಬಂದದ್ದು ಅರೆದು ಸೋಸಿದ ರಸ. ಕತ್ತರಿಸಿದ್ದು ಒಬ್ಬರೇ. ಚಾಕುವನ್ನ ಯಾರ ಕೈಗೂ ಕೊಡದವರು. ನೀವೇ ಹೇಳಿದ್ರಿ."

ನನ್ನ ಕೈಯಾರೆ ಅಗೆದ ಹಳ್ಳ, ಒಂದೊಂದು ಗುದ್ದಲಿ ಏಟಿಗೂ ಎದೆ ಉಬ್ಬಿಸಿಕೊಂಡು ಅಗೆದದ್ದು. ಅದರ ಅಂಚಿನಲ್ಲಿ ನಿಂತಿದ್ದವಳು ನನ್ನ ಅಕ್ಕ.

"ಅಕ್ಕಾ," ಎಂದೆ. "ಅವತ್ತು ನೀನು ಗಮನಿಸಲಿಲ್ಲ. ಅಲ್ವಾ? ಸುಸ್ತಾಗಿತ್ತು, ಬೆಳಕು ಸರಿ ಇರಲಿಲ್ಲ. ಹೇಳು. ಗೊತ್ತಾಗ್ಲಿಲ್ಲ ಅಂತ ಹೇಳಿಬಿಡೇ."

ಒಂದು ಮಾತು. ಅಷ್ಟು ಹೇಳಿದ್ದರೆ ಸಾಕಿತ್ತು. ಹೆಡ್‌ಮಿಸ್ಟ್ರೆಸ್ ಅದನ್ನು ನಂಬಲು ತಯಾರಾಗಿಯೇ ಕೂತಿದ್ದರು, ಅವರ ಮುಖದಲ್ಲಿ ಕಾಣುತ್ತಿತ್ತು. ಇಸ್ತ್ರಿ ಕೂಡ ಒತ್ತಾಯ ಮಾಡುತ್ತಿರಲಿಲ್ಲವೇನೋ.

ಅಕ್ಕ ಎದ್ದಳು. ಸೆರಗು ಸರಿಮಾಡಿಕೊಂಡಳು.

"ನನ್ನ ಸ್ಪಂಜು ನನಗೆ ಗುರುತು ಸಿಗಲಿಲ್ಲ ಅಂತ ಹೇಳ್ಲಾ?" ಎಂದಳು. "ಅಷ್ಟು ವರ್ಷ ಅದನ್ನ ಕೈಯಲ್ಲಿ ಹಿಡಿದವಳು, ಬೆಳಕು ಸರಿ ಇರಲಿಲ್ಲ ಅಂತ ಹೇಳ್ಲಾ? ಕಳ್ಳಿ ಅಂತ ಬೇಕಾದ್ರೆ ಬರ್ಕೊಳ್ಳಿ. ಕೆಲಸ ಗೊತ್ತಿಲ್ಲದವಳು ಅಂತ ಮಾತ್ರ ಬರೀಬೇಡಿ. ಗೊತ್ತಾಯ್ತು. ಚಾಕು ಇಳಿಸೋಕೆ ಮುಂಚೇನೇ ಗೊತ್ತಾಯ್ತು. ಬುಡ ನೋಡಿದ ಕೂಡಲೇ ಗೊತ್ತಾಯ್ತು."

ಹೆಮ್ಮೆಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ ಅನ್ನಿಸುತ್ತದೆ.

"ಗೊತ್ತಾಗಿಯೂ ಅರೆದು ಕಳಿಸಿದ್ರಾ?" ಎಂದರು ಹೆಡ್‌ಮಿಸ್ಟ್ರೆಸ್. ಈಗ ಅವರ ದನಿಯಲ್ಲಿ ನಗುವಿನ ಸುಳಿವಿರಲಿಲ್ಲ. "ನಿಮ್ಮ ಔಷಧಾನ ನೀವೇ ಕೊಂದ್ರಾ? ರೋಗಿಗಳು ಕಾಯ್ತಿದ್ದಾರೆ ಅಂತ ಗೊತ್ತಿದ್ದೂ?"

"ಔಷಧ ಗೆದ್ರೆ ಆ ಬಂಡೆ ಮೇಲೆ ಒಂದು ಬುಡಾನೂ ಉಳಿಯಲ್ಲ," ಎಂದಳು ಅಕ್ಕ.

"ನಾನು ಒಂದೇ ಪ್ರಶ್ನೆ ಕೇಳ್ತೀನಿ," ಎಂದರು ಹೆಡ್‌ಮಿಸ್ಟ್ರೆಸ್. "ಇನ್ನೊಂದು ಸಲ ಕೇಳಲ್ಲ. ಈ ನಕಲಿಯನ್ನ ಪೆಟ್ಟಿಗೇಲಿ ಇಟ್ಟಿದ್ದು ಯಾರು?"

"ನಾನು," ಎಂದಳು ಅಕ್ಕ.

"ನಾನು," ಎಂದರು ಭಾವ.

ಎರಡು ಮಾತೂ ಒಟ್ಟಿಗೇ ಬಿದ್ದವು. ಅಕ್ಕ ಗಿರಕ್ಕನೆ ಗಂಡನ ಕಡೆ ತಿರುಗಿದಳು. ಭಾವ ಗಾಜಿನ ಪಾತ್ರೆಯನ್ನು ಹಿಡಿದುಕೊಂಡೇ ನಿಂತಿದ್ದರು, ಕಣ್ಣು ತಗ್ಗಿಸಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದ ರೀತಿಯಲ್ಲಿ ಒಂದು ವಿಷಯ ಮಾತ್ರ ನನಗೆ ಖಚಿತವಾಯಿತು: ಇಬ್ಬರಿಗೂ ಇನ್ನೊಬ್ಬರ ಉತ್ತರ ಮೊದಲೇ ಗೊತ್ತಿರಲಿಲ್ಲ.

ಇಲ್ಲ ಇಲ್ಲ ಎನ್ನುವ ಕಳ್ಳರನ್ನು ಹಿಡಿದು ಪಳಗಿದವಳು ನಾನು. ಹೌದು ಎನ್ನುವ ಇಬ್ಬರಲ್ಲಿ ಸುಳ್ಳು ಯಾರದು ಎಂದು ಹುಡುಕುವುದು ಹೇಗೆ? ಹುಡುಕಿ, ಸಿಕ್ಕಿದವರನ್ನು ಏನು ಮಾಡುವುದು?

ಹೆಡ್‌ಮಿಸ್ಟ್ರೆಸ್ ನನ್ನ ಕಡೆ ನೋಡಿದರು. "ಪತ್ತೇದಾರರೇ," ಎಂದರು, "ಈಗ ಹೇಳಿ. ಯಾರ ಮೇಲೆ ನಿಮ್ಮ ಆರೋಪ?"